ಲ್ಯಾಪ್‌ಟಾಪಿನ ವಿಳಾಸ

ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಪೋಸ್ಟ್‌ಮ್ಯಾನ್ ವೆಂಕಟೇಶಪ್ಪನವರು ಒಂದೇ ಒಂದು ಕಾಗದವನ್ನೂ 'ವಿಳಾಸ ಸಿಗಲಿಲ್ಲ' ಎಂದು ಬರೆದು ವಾಪಸು ಕಳಿಸಿದವರಲ್ಲ. ಇದು ಇಲಾಖೆಗೆ ಗೊತ್ತಿತ್ತೋ ಇಲ್ಲವೋ, ವಿದ್ಯಾರಣ್ಯಪುರದ ಅವರ ಬೀದಿಗಂತೂ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಅವರೇ ಹೇಳುತ್ತಿದ್ದರು. ಒಮ್ಮೆ 'ಮೀಸೆ ಮುನಿಶಾಮಿ, ಬೇವಿನ ಮರದ ಪಕ್ಕ, ಯಲಹಂಕ' ಎಂದಷ್ಟೇ ಬರೆದ ಕಾಗದ ಬಂದಿತ್ತು. ಆ ವೇಳೆಗೆ ರಸ್ತೆ ಅಗಲ ಮಾಡಲು ಮರವನ್ನು ಕಡಿದಾಗಿತ್ತು, ಮುನಿಶಾಮಿ ತಿರುಪತಿಗೆ ಹೋಗಿ ಮೀಸೆ ಕೊಟ್ಟು ಬಂದಿದ್ದ. ಆದರೂ ಕಾಗದ ಮೂರನೇ ದಿನ ಅವನ ಕೈ ಸೇರಿತು. ಈ ಪ್ರಸಂಗವನ್ನು ವೆಂಕಟೇಶಪ್ಪ ಮದುವೆಮನೆಗಳಲ್ಲಿ, ನಾಮಕರಣಗಳಲ್ಲಿ, ಒಂದು ಸಲ ತಿಥಿಯ ಊಟದ ಪಂಕ್ತಿಯಲ್ಲೂ ಹೇಳಿದ್ದರು.

"ಮನುಷ್ಯ ಅಂದ್ಮೇಲೆ ಎಲ್ಲೋ ಒಂದು ಕಡೆ ಇರ್ಲೇಬೇಕಲ್ವಾ?" ಎಂದು ಅವರು ಕೊನೆಯಲ್ಲಿ ಕೇಳುತ್ತಿದ್ದರು. "ಹುಡುಕೋನಿಗೆ ತಾಳ್ಮೆ ಇರ್ಬೇಕು, ಅಷ್ಟೆ."

ಇಂಥ ವೆಂಕಟೇಶಪ್ಪನವರಿಗೆ ರಾಣಿ ಒಬ್ಬಳೇ ಮಗಳು. ರಾಜಾನುಕುಂಟೆಯ ಆಚೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ವರ್ಷ. ಬೆಳಿಗ್ಗೆ ಏಳೂಮುಕ್ಕಾಲಿಗೆ ಡಬ್ಬಿ ತೆಗೆದುಕೊಂಡು ಹೊರಟರೆ ಸಂಜೆ ಐದೂವರೆಗೆ ಮನೆ. ಮಗಳು ಮೂರನೇ ವರ್ಷದಲ್ಲಿದ್ದಾಳೆ ಎನ್ನುವುದನ್ನೂ ಬೀದಿಗೆ ಅವರೇ ಹೇಳಿದ್ದರು.

ಆ ವರ್ಷ ಆಯುಧಪೂಜೆಗೆ ಎಂದಿನಂತೆ ಸೈಕಲ್ಲು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆ ಮಣೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟರು. ಕೊನೆಗೆ, ಹೋದ ವರ್ಷ ರಾಣಿಗೆ ಕೊಡಿಸಿದ್ದ ಲ್ಯಾಪ್‌ಟಾಪು. ಅದಕ್ಕೆ ಹೆಂಡತಿ ಗೋಪಾಲಮ್ಮ ಸ್ವತಃ ಹೊಲಿದ ಹೂವಿನ ಕಸೂತಿಯ ಗವಸು ಇತ್ತು. ಪೂಜೆ ಮುಗಿದು, ರಜೆ ಕಳೆದು, ಕಾಲೇಜು ತೆರೆಯಿತು. ಆದರೂ ಲ್ಯಾಪ್‌ಟಾಪು ಹಣೆಯ ಕುಂಕುಮ ಅಳಿಸದೆ ಹಾಗೇ ಕೂತಿತ್ತು. ಒಂದು ದಿನ ಕೂತಿತು, ಎರಡು ದಿನ ಕೂತಿತು. ನಾಲ್ಕನೇ ದಿನ ವೆಂಕಟೇಶಪ್ಪ ಕೇಳಿದರು.

"ಏನಮ್ಮಾ, ಇದನ್ನ ತೊಗೊಂಡು ಹೋಗ್ತಾ ಇಲ್ವಾ?"

ರಾಣಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. "ಕಾಲೇಜಲ್ಲಿ ವೈಫೈ ಕನೆಕ್ಟ್ ಆಗ್ತಿಲ್ಲಪ್ಪ. ತೊಗೊಂಡು ಹೋಗಿ ಏನು ಮಾಡ್ಲಿ?"

"ಯಾವತ್ತಿಂದ?"

"ಆಗಸ್ಟಿಂದ." ಅವಳು ಗೇಟು ತೆಗೆದು ಹೋದಳು.

ಆಗಸ್ಟಿಂದ ಎಂದರೆ ಎರಡು ತಿಂಗಳು. ಎರಡು ತಿಂಗಳಿಂದ ಮಗು ಕಷ್ಟಪಡುತ್ತಿದೆ, ಬಾಯಿಬಿಟ್ಟು ಹೇಳಿಲ್ಲ. ಇಂಥ ಅನ್ಯಾಯವನ್ನು ನೋಡಿಕೊಂಡು ಸುಮ್ಮನಿರಲು ವೆಂಕಟೇಶಪ್ಪನವರು ಯಾರೋ ದಾರಿಹೋಕರಲ್ಲ, ತಂದೆ.

ಅವರು ಲ್ಯಾಪ್‌ಟಾಪನ್ನು ಎತ್ತಿಕೊಂಡು ನೇರ ಎದುರುಮನೆಯ ಅಶ್ವತ್ಥಪ್ಪನವರಲ್ಲಿಗೆ ಹೋದರು. ಅಶ್ವತ್ಥಪ್ಪ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಮಗ ಇಂಜಿನಿಯರಿಂಗ್ ಮುಗಿಸಿದ್ದ. ಹಾಗಾಗಿ ಬೀದಿಯ ಎಲ್ಲ ಯಂತ್ರಗಳ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ತಂದೆಗೆ ಬಂದಿತ್ತು. ಅವರು ಕನ್ನಡಕ ಹಾಕಿಕೊಂಡು, ಲ್ಯಾಪ್‌ಟಾಪಿನ ಮುಚ್ಚಳ ತೆಗೆದು, ಮೊದಲು ಕೀಲಿಗಳ ಸಂದಿಯ ಅಕ್ಷತೆಯನ್ನು ಊದಿದರು. ಆಮೇಲೆ ತಮ್ಮ ಮನೆಯ ವೈಫೈಗೆ ಜೋಡಿಸಿದರು. ಅದು ತಕ್ಷಣ ಜೋಡಿಕೊಂಡಿತು.

"ನೋಡಿ, ಮಷಿನ್ನು ಸರಿಯಾಗೇ ಇದೆ," ಎಂದರು ಅಶ್ವತ್ಥಪ್ಪ. "ತೊಂದ್ರೆ ಇರೋದು ಕಾಲೇಜಲ್ಲಿ."

"ಅಂದ್ರೆ ಕಾಗದ ಸರಿಯಿದೆ, ತೊಗೊಳ್ಳೋರು ಬಾಗಿಲು ತೆಗೀತಿಲ್ಲ."

"ಅಷ್ಟೇ ಕಣ್ರೀ. ಹೋಗಿ ಬಾಗಿಲು ಬಡೀರಿ. ನಾವು ಕೇಳ್ದೆ ಹೋದ್ರೆ ಅವ್ರು ಏನೂ ಮಾಡಲ್ಲ. ನನ್ ಮಗನ ಕಾಲೇಜ್ ಹಾಸ್ಟೆಲಲ್ಲಿ ನೀರು ಬರ್ತಿಲ್ಲ ಅಂತ ನಾನೇ ಮೂರು ಸಲ ಹೋಗಿದ್ದೆ."

"ಮೂರು ಸಲಕ್ಕೆ ಬಂತಾ?"

"ಎಲ್ಲಿ ಬಂತು? ಅಷ್ಟರಲ್ಲಿ ಅವನ ಕೋರ್ಸು ಮುಗೀತು."

ವೆಂಕಟೇಶಪ್ಪ ಒಂದು ದಿನ ರಜೆ ಹಾಕಿದರು. ಮಗಳಿಗೆ ಹೇಳಲಿಲ್ಲ. ಸರಿಮಾಡಿಸಿಕೊಂಡು ಬಂದು ಅವಳ ಮುಂದೆ ಇಡುವ ಆಸೆ. ರಜೆಯಾದರೂ ಖಾಕಿ ಬಟ್ಟೆಯನ್ನೇ ಹಾಕಿಕೊಂಡರು. ಖಾಕಿ ಹಾಕಿದವನನ್ನು ಯಾವ ಗೇಟಿನವನೂ ತಡೆಯುವುದಿಲ್ಲ ಎಂಬುದು ಅವರ ಅನುಭವ. ಲ್ಯಾಪ್‌ಟಾಪನ್ನು ಕಸೂತಿಯ ಗವಸಿನ ಮೇಲೆ ಒಂದು ಟವಲು ಸುತ್ತಿ ಅಂಚೆಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು.

ಅನುಭವ ಸುಳ್ಳಾಗಲಿಲ್ಲ. ಗೇಟಿನವನು ತಡೆಯಲಿಲ್ಲ. ಕೇಳಲೂ ಇಲ್ಲ. ಸೀದಾ ಟಪಾಲು ವಿಭಾಗಕ್ಕೆ ಕೈ ತೋರಿಸಿದ. ಟಪಾಲು ವಿಭಾಗದ ಅಮ್ಮನವರು ತಲೆ ಎತ್ತದೆ ಕೈ ಚಾಚಿದರು. ವೆಂಕಟೇಶಪ್ಪ ಟವಲು ಬಿಚ್ಚಿ ಲ್ಯಾಪ್‌ಟಾಪನ್ನು ತೋರಿಸಿದರು. ತೋರಿಸಿದ್ದಷ್ಟೇ. ಅಮ್ಮನವರು ಅದನ್ನು ಎಳೆದುಕೊಂಡು, ಗವಸಿನ ಹೂವಿನ ಮೇಲೆ 'ಸ್ವೀಕರಿಸಲಾಗಿದೆ' ಎಂದು ಮೊಹರು ಒತ್ತಿ, ನಂಬರು ಹಾಕಿ, ಪಕ್ಕದ ಬೀರುವಿನೊಳಗೆ ಇಟ್ಟು ಬೀಗ ಹಾಕಿದರು.

"ಅಮ್ಮಾ, ಅದು ನಮ್ಮದು," ಎಂದರು ವೆಂಕಟೇಶಪ್ಪ.

"ತಂದವರೆಲ್ಲ ಹಂಗೇ ಅಂತಾರೆ. ಬಂದಿದ್ದು ಬಂತು. ಸೈನ್ ಎಲ್ಲಿ ಮಾಡ್ಲಿ ಹೇಳಿ."

ಬೀರುವಿನಿಂದ ಲ್ಯಾಪ್‌ಟಾಪು ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಸ್ವೀಕರಿಸಿದ್ದನ್ನು ವಾಪಸು ಕೊಡುವುದಕ್ಕೆ ಕಾಲೇಜಿನಲ್ಲಿ ಪದ್ಧತಿ ಇರಲಿಲ್ಲ. ಕೊನೆಗೆ 'ವಿಳಾಸದಾರರು ನಿರಾಕರಿಸಿದ್ದಾರೆ' ಎಂದು ಷರಾ ಬರೆದರು. ಅಂಥ ಷರಾವನ್ನು ವೆಂಕಟೇಶಪ್ಪ ಸಾವಿರಾರು ಸಲ ನೋಡಿದ್ದರು. ತಮ್ಮ ಮನೆಯ ವಸ್ತುವಿನ ಮೇಲೆ ನೋಡಿದ್ದು ಇದೇ ಮೊದಲು. ಮನಸ್ಸಿಗೆ ಏನೋ ಪಿಚ್ಚೆನಿಸಿತು. ಆದರೂ ಕಂಪ್ಯೂಟರ್ ವಿಭಾಗ ಎಲ್ಲಿ ಎಂದು ಕೇಳಿಕೊಂಡು ಮೂರು ಮಹಡಿ ಹತ್ತಿದರು.

ಅಲ್ಲಿ ಕೂತಿದ್ದವನು ಮುನೀಂದ್ರ. ಮೂವತ್ತು ದಾಟಿರದ ಸಣಕಲು ಮನುಷ್ಯ, ಕಣ್ಣಲ್ಲಿ ದಣಿವು. ಇಡೀ ಕಾಲೇಜಿನ ವೈಫೈ ಅವನ ಸುಪರ್ದಿಯಲ್ಲಿತ್ತು. ಹಾಗಾಗಿ ಇಡೀ ಕಾಲೇಜು ಅವನನ್ನೇ ಬೈಯುತ್ತಿತ್ತು. ಅವನು ಮಾತಿಲ್ಲದೆ ಒಂದು ಫಾರಂ ಮುಂದಿಟ್ಟ.

ಫಾರಂ ತುಂಬುವುದು ವೆಂಕಟೇಶಪ್ಪನವರಿಗೆ ಹಬ್ಬ. ಅವರು ಪೆನ್ನು ಒದರಿ, ಮಗಳ ಹೆಸರು ಬರೆದು, ಲ್ಯಾಪ್‌ಟಾಪಿನ ಕೆಳಗೆ ಅವಳು ಅಂಟಿಸಿದ್ದ ಚೀಟಿ ನೋಡಿ ಅವಳ ಕಾಲೇಜು ನಂಬರನ್ನು ಬರೆದರು. ಮುಂದಿನ ಸಾಲು 'ವಿದ್ಯಾರ್ಥಿಯ ವಿಳಾಸ'. ಅದನ್ನು ಅಡ್ಡರಸ್ತೆ, ಪಿನ್‌ಕೋಡು ಸಮೇತ ದುಂಡಗೆ ಬರೆದರು. ರಾಣಿಗೆ ನಾಲ್ಕು ವರ್ಷವಾಗಿದ್ದಾಗ ಇದೇ ವಿಳಾಸವನ್ನು ಪಿನ್‌ಕೋಡಿನ ಸಮೇತ ಬಾಯಿಪಾಠ ಮಾಡಿಸಿದ್ದರು. ಮೆಜೆಸ್ಟಿಕ್‌ನಲ್ಲಿ ಕೈ ತಪ್ಪಿಹೋದರೆ ಯಾರಿಗಾದರೂ ಹೇಳಲಿ ಎಂದು. ಅದರ ಕೆಳಗಿನ ಸಾಲಿನಲ್ಲಿ 'ಲ್ಯಾಪ್‌ಟಾಪಿನ ಫಿಸಿಕಲ್ ಅಡ್ರೆಸ್' ಎಂದಿತ್ತು. ಅವರು ಒಂದು ಕ್ಷಣವೂ ಯೋಚಿಸದೆ 'ಸದರಿ' ಎಂದು ಬರೆದರು.

ಮುನೀಂದ್ರ ಫಾರಂ ನೋಡಿದ. "ಇದೇನ್ ಸಾರ್, ಸದರಿ?"

"ಸದರಿ ಅಂದ್ರೆ ಮೇಲಿನದೇ ಸಾರ್. ಒಂದೇ ವಿಳಾಸ ಎರಡು ಸಲ ಬರೀಬಾರ್ದು ಅಂತ ಹಂಗೆ. ಅವಳು ಇರೋ ಕಡೆನೇ ಅದೂ ಇರೋದು."

ಮುನೀಂದ್ರನ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲನೇ ಸಲ ನಗು ಬಂತು. "ಅದಲ್ಲ ಸಾರ್. ಪ್ರತಿ ಮಷಿನ್‌ಗೂ ಒಳಗೇ ಒಂದು ನಂಬರ್ ಕೆತ್ತಿರ್ತಾರೆ. ಹನ್ನೆರಡು ಅಕ್ಷರದ್ದು. ಅದಕ್ಕೆ ಫಿಸಿಕಲ್ ಅಡ್ರೆಸ್ ಅಂತಾರೆ. ಅದು ಎಲ್ಲಿಗೆ ಹೋದ್ರೂ ಬದಲಾಗಲ್ಲ."

"ಮನೆ ಬದಲಾಯ್ಸಿದ್ರೂ?"

"ಊರು ಬದಲಾಯ್ಸಿದ್ರೂ."

ವೆಂಕಟೇಶಪ್ಪ ಬೆರಗಾದರು. ಮನುಷ್ಯರಿಗೂ ಇಂಥದೊಂದು ಇದ್ದಿದ್ದರೆ ಎಷ್ಟು ಸೈಕಲ್ ಟೈರು ಉಳಿಯುತ್ತಿತ್ತು ಎಂದು ಲೆಕ್ಕ ಹಾಕುತ್ತಿರುವಾಗ ಮುನೀಂದ್ರ ರಾಣಿಯ ನಂಬರನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಪರದೆ ನೋಡಿದ. ನಗು ನಿಂತಿತು. ಅವನು ಖಾಕಿಯನ್ನು ನೋಡಿ, ಗವಸಿನ ಕಸೂತಿಯನ್ನು ನೋಡಿ, ಮತ್ತೆ ಪರದೆ ನೋಡಿದ. ದನಿ ತಗ್ಗಿಸಿ ಹೇಳಿದ.

"ಇಯರ್ ಬ್ಯಾಕ್ ಆಗಿದೆ ಸಾರ್."

ಇಂಜಿನಿಯರಿಂಗ್ ಓದುವ ಮಕ್ಕಳಿರುವ ಯಾವ ಮನೆಯಲ್ಲಾದರೂ ಈ ಎರಡು ಪದ ಕೇಳಿದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಯಾರೂ ಏಳುವುದಿಲ್ಲ. ಪಾಸಾಗದ ವಿಷಯಗಳು ಮಿತಿ ಮೀರಿದವು, ಮುಂದಿನ ತರಗತಿಗೆ ಹೋಗುವಂತಿಲ್ಲ, ಒಂದು ವರ್ಷ ಹೊರಗೆ ನಿಲ್ಲಬೇಕು ಎಂದು ಅದರ ಅರ್ಥ. ಆದರೆ ವೆಂಕಟೇಶಪ್ಪನವರ ವಂಶದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವಳು ರಾಣಿ ಒಬ್ಬಳೇ. ಅವರಿಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಇಯರ್ ಎಂದರೆ ವರ್ಷ, ಬ್ಯಾಕ್ ಎಂದರೆ ಹಿಂದೆ.

"ಹೌದು ಸಾರ್," ಎಂದರು ವೆಂಕಟೇಶಪ್ಪ ಮೆಚ್ಚುಗೆಯಿಂದ. "ಕರೆಕ್ಟಾಗಿ ಒಂದು ಇಯರ್ ಬ್ಯಾಕೇ. ನಂಬರ್ ನೋಡೇ ಹೇಳ್ಬಿಟ್ರಲ್ಲ."

"ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿಲ್ದೆ ಏನು? ನಾನೇ ಜೊತೇಲಿ ಹೋಗಿದ್ದೆ."

"ಜೊತೇಲಿ ಹೋಗಿದ್ರಾ?"

"ಅವಳಮ್ಮನೂ ಬಂದಿದ್ಲು. ಆವತ್ತು ಮನೇಲಿ ಒಬ್ಬಟ್ಟು ಮಾಡಿ ಬೀದಿಗೆಲ್ಲ ಕೊಟ್ವಿ."

ಮುನೀಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಒಬ್ಬಟ್ಟಾ?"

"ಮತ್ತೆ? ನಮ್ಮ ವಂಶದಲ್ಲೇ ಮೊದಲನೇದು ಸಾರ್. ಈ ಕಾಲದಲ್ಲಿ ಅದಿಲ್ದೆ ಮಕ್ಕಳು ಮುಂದೆ ಬರೋಕಾಗುತ್ತಾ?"

ಮುನೀಂದ್ರ ಎದ್ದು ನಿಂತ. "ನಿಮ್ಮಂಥ ತಂದೇನ ನಾನು ನೋಡಿಲ್ಲ ಸಾರ್. ನನಗೆ ಆದಾಗ ನಮ್ಮಪ್ಪ ಮೂರು ತಿಂಗಳು ನನ್ನ ಜೊತೆ ಮಾತಾಡ್ಲಿಲ್ಲ. ತಟ್ಟೆ ಮುಂದೆ ಕೂತ್ರೆ ಎದ್ದು ಹೋಗೋರು."

"ಪಾಪ, ಅವ್ರಿಗೆ ಅದ್ರ ಬೆಲೆ ಗೊತ್ತಿರ್ಲಿಲ್ಲ ಅನ್ಸುತ್ತೆ."

"ಗೊತ್ತಿರ್ಲಿಲ್ಲ ಸಾರ್," ಎಂದ ಮುನೀಂದ್ರ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ.

ಆಮೇಲೆ ಅವನು ತಿಳಿಸಿ ಹೇಳಿದ. ಇಯರ್ ಬ್ಯಾಕ್ ಆದರೆ ವೈಫೈ ಕೊಡುವುದಿಲ್ಲ, ಕಾಲೇಜಿನ ನಿಯಮ. ಮುಂದಿನ ಆಗಸ್ಟಿಗೆ ಎಲ್ಲ ಸರಿಹೋದರೆ ತಾನಾಗಿಯೇ ಜೋಡಿಕೊಳ್ಳುತ್ತದೆ. ವೆಂಕಟೇಶಪ್ಪ ತಲೆದೂಗಿದರು. ವರ್ಷ ತುಂಬಿದ ಲ್ಯಾಪ್‌ಟಾಪನ್ನು ಮತ್ತೊಂದು ವರ್ಷ ಹೊರಗಿಡುವ ನಿಯಮದಲ್ಲಿ ಅವರಿಗೆ ಅರ್ಥವೇನೂ ಕಾಣಲಿಲ್ಲ. ಆದರೆ ನಿಯಮವೆಂದರೆ ಅರ್ಥ ಇರಲೇಬೇಕೆಂದೇನಿಲ್ಲ ಎಂಬುದು ಇಪ್ಪತ್ತೊಂಬತ್ತು ವರ್ಷದ ಸರ್ಕಾರಿ ಸೇವೆಯಲ್ಲಿ ಅವರಿಗೆ ಮನದಟ್ಟಾಗಿತ್ತು.

"ಅಲ್ಲೀತನಕ ಏನು ಮಾಡ್ಲಿ ಸಾರ್?"

"ಮನೇಲೇ ಇಟ್ಕೊಂಡು ಚೆನ್ನಾಗಿ ನೋಡ್ಕೊಳ್ಳಿ. ಬೈಬೇಡಿ. ಅದೊಂದೇ ಸಾರ್, ಬೈಬೇಡಿ."

ಲ್ಯಾಪ್‌ಟಾಪನ್ನು ಬೈಯುವ ಜನ ಎಲ್ಲಿರುತ್ತಾರೋ ಎಂದುಕೊಂಡು ವೆಂಕಟೇಶಪ್ಪ ಮೆಟ್ಟಿಲಿಳಿದರು. ಮುನೀಂದ್ರ ಗೇಟಿನವರೆಗೆ ಬಂದು ಕೈಮುಗಿದ.

ಊಟದ ಹೊತ್ತು. ಮಕ್ಕಳು ಗುಂಪು ಗುಂಪಾಗಿ ಹೊರಗೆ ಬರುತ್ತಿದ್ದರು. ರಾಣಿಯನ್ನು ಕಂಡುಹೋಗಬೇಕು ಎನಿಸಿತು. ಆದರೆ ಸ್ನೇಹಿತೆಯರ ಮುಂದೆ ಖಾಕಿಯ ಅಪ್ಪ, ಟವಲು ಸುತ್ತಿದ ಗಂಟು, ಅವಳಿಗೆ ಮುಜುಗರವಾದೀತು. ಗೇಟಿನಾಚೆ ಹುಣಸೆ ಮರದ ಕೆಳಗೆ ನಿಂತು ಕಟ್ಟಡದ ಕಿಟಕಿಗಳನ್ನು ನೋಡಿದರು. ಎಷ್ಟೊಂದು ಕಿಟಕಿ. ಇವುಗಳಲ್ಲಿ ಯಾವುದರ ಪಕ್ಕ ಕೂತಿದ್ದಾಳೋ ಎಂದುಕೊಂಡು, ಎರಡನೇ ಮಹಡಿಯ ಕೊನೆಯದು ಇರಬೇಕು, ಅವಳಿಗೆ ಗಾಳಿ ಬೇಕು, ಎಂದು ತೀರ್ಮಾನಿಸಿ, ಆ ಕಿಟಕಿಯನ್ನು ಇನ್ನೊಂದು ಸಲ ನೋಡಿ ಬಸ್ಸು ಹತ್ತಿದರು.

ಸಂಜೆ ಅಶ್ವತ್ಥಪ್ಪನವರ ಜಗಲಿಯ ಮೇಲೆ ವರದಿ ಒಪ್ಪಿಸಿದರು. "ನಂಬರ್ ಹಾಕ್ತಿದ್ದಂಗೇ ಹೇಳ್ಬಿಟ್ಟ ಕಣ್ರೀ. ಇಯರ್ ಬ್ಯಾಕ್ ಅಂತೆ."

ಅಶ್ವತ್ಥಪ್ಪ ಅಗಿಯುತ್ತಿದ್ದ ಎಲೆ ಅಡಿಕೆ ಬಾಯಲ್ಲೇ ನಿಂತಿತು. "ಯಾರಿಗೆ?"

"ಲ್ಯಾಪ್‌ಟಾಪ್‌ಗೆ."

"ವೆಂಕಟೇಶಪ್ಪೋರೆ, ಲ್ಯಾಪ್‌ಟಾಪ್‌ಗೆ..." ಎಂದವರು ಎದ್ದು ಹೋಗಿ ಉಗಿದು ಬಂದರು. ಅಷ್ಟರಲ್ಲಿ ಹೇಳಬೇಕಾದ ಮಾತನ್ನೂ ಜೊತೆಗೆ ಉಗಿದಿದ್ದರೆಂದು ಕಾಣುತ್ತದೆ. "ಕಾಫಿ ಕುಡೀರಿ," ಎಂದರು. "ಸಕ್ಕರೆ ಜಾಸ್ತಿ ಹಾಕಿಸ್ಲಾ?"

ಮರುದಿನದಿಂದ ಬೀದಿಯ ವರ್ತನೆ ಬದಲಾಯಿತು. ಅಶ್ವತ್ಥಪ್ಪನವರ ಮನೆಯಿಂದ ಬಿಸಿ ಪಾಯಸ ಬಂತು. ಮೂಲೆಮನೆಯವರು ಗೇಟಿನ ಬಳಿ ನಿಲ್ಲಿಸಿ, "ಧೈರ್ಯವಾಗಿರಿ," ಎಂದರು. ಹಾಲಿನ ಬೂತಿನಲ್ಲಿ ಒಬ್ಬರು ಭುಜದ ಮೇಲೆ ಕೈಯಿಟ್ಟು, "ನಮ್ಮ ಭಾವಮೈದುನಂಗೂ ಆಗಿತ್ತು ಸಾರ್. ಈಗ ಕೋಗಿಲು ಹತ್ರ ಎರಡು ಮನೆ ಕಟ್ಟಿದಾನೆ," ಎಂದರು. ವೈಫೈ ಸಿಗದಿದ್ದರೆ ಎರಡು ಮನೆ ಹೇಗೆ ಕಟ್ಟುತ್ತಾರೆ ಎಂದು ವೆಂಕಟೇಶಪ್ಪನವರಿಗೆ ಹೊಳೆಯಲಿಲ್ಲ. ಒಂದು ಯಂತ್ರ ಕೆಟ್ಟರೆ ಇಷ್ಟು ಮರುಗುವ ಜನ ಈ ಕಾಲದಲ್ಲೂ ಇದ್ದಾರಲ್ಲ ಎಂದು ಮನೆಗೆ ಬಂದು ಗೋಪಾಲಮ್ಮನ ಹತ್ತಿರ ಹೇಳಿಕೊಂಡರು. ಗೋಪಾಲಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಕೆಲವು ದಿನಗಳಿಂದ ಮಗಳ ಡಬ್ಬಿಯಲ್ಲಿ ಅರ್ಧ ಅನ್ನ ಹಾಗೇ ವಾಪಸು ಬರುತ್ತಿತ್ತು. ಅವಳ ಗಮನವೆಲ್ಲ ಅದರ ಮೇಲಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ವೆಂಕಟೇಶಪ್ಪ ಮಗಳಿಗೆ ವಿಷಯ ತಿಳಿಸಿದರು.

"ಮೊನ್ನೆ ನಿಮ್ಮ ಕಾಲೇಜಿಗೆ ಹೋಗಿದ್ದೆ ಕಣಮ್ಮ."

ಮುದ್ದೆ ಮುರಿಯುತ್ತಿದ್ದ ರಾಣಿಯ ಕೈ ಅಲ್ಲೇ ನಿಂತಿತು.

"ಕಂಪ್ಯೂಟರ್ ವಿಭಾಗದಲ್ಲಿ ಒಬ್ಬರು ಎಲ್ಲಾ ಹೇಳಿದ್ರು. ಇಯರ್ ಬ್ಯಾಕ್ ಅಂತೆ."

ಅವಳು ಅಪ್ಪನ ಮುಖ ನೋಡಲಿಲ್ಲ. ಸಾರಿನ ಬಟ್ಟಲನ್ನು ನೋಡುತ್ತ ಕೂತಳು. ಕಣ್ಣಿಂದ ಒಂದು ಹನಿ ನೇರ ತಟ್ಟೆಗೆ ಬಿತ್ತು.

"ಅಯ್ಯೋ, ನೀನ್ಯಾಕೆ ಅಳ್ತೀಯ? ಮುಂದಿನ ಆಗಸ್ಟಿಗೆ ಸರಿಹೋಗುತ್ತಂತೆ. ಎಷ್ಟು ಜನಕ್ಕೆ ಆಗಿರುತ್ತೆ."

"ಅಪ್ಪಾ..." ಅವಳು ಕೈಯಲ್ಲಿದ್ದ ಮುದ್ದೆಯ ತುಣುಕನ್ನು ತಟ್ಟೆಗೆ ಇಟ್ಟಳು. "ನಿಂಗೆ ಕೋಪ ಇಲ್ವಾ?"

"ಕೋಪ ಯಾಕೆ?"

"ನಾನು ಹೇಳ್ಲಿಲ್ಲ ಅಂತ. ಇಷ್ಟು ದಿನ."

"ಹೇಳೋಕೆ ಭಯ ಆಗಿರುತ್ತೆ, ಅಷ್ಟೇ ತಾನೇ? ಬಿಡು."

ರಾಣಿ ತಲೆ ಎತ್ತಿದಳು. ಎರಡು ತಿಂಗಳಿಂದ ಆ ಮುಖದಲ್ಲಿ ಇಲ್ಲದ್ದೊಂದು ಬೆಳಕು ಬಂತು. ಎಡಗೈಯಿಂದ ಕಣ್ಣೊರೆಸಿಕೊಂಡು ಏನೋ ಹೇಳಲು ಬಾಯಿ ತೆರೆದಳು. ವೆಂಕಟೇಶಪ್ಪ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, "ಒಂದು ವಸ್ತು ಅಂದ್ಮೇಲೆ ಕೆಡುತ್ತೆ ಕಣಮ್ಮ. ಅದಕ್ಕೆಲ್ಲ ಅಳ್ತಾರಾ? ನೀನು ಚೆನ್ನಾಗಿ ಓದ್ತಿದೀಯಲ್ಲ, ನಂಗದು ಸಾಕು," ಎಂದರು.

ಬೆಳಕು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. ರಾಣಿ ಬಾಯಿ ಮುಚ್ಚಿಕೊಂಡಳು. ಬಗ್ಗಿ ಊಟ ಮಾಡಿದಳು. ಬಡಿಸಿದ ಸಾರನ್ನೆಲ್ಲ ಖಾಲಿ ಮಾಡಿದಳು. ಬೆಳಿಗ್ಗೆ ಏಳೂಮುಕ್ಕಾಲಿಗೆ ಡಬ್ಬಿ ತೆಗೆದುಕೊಂಡು ಹೊರಟಳು.

ಅದೇ ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತ ವೆಂಕಟೇಶಪ್ಪ ಇಡೀ ಕಥೆಯನ್ನು ಮಂಜೂರ್‌ಗೆ ಹೇಳಿದರು. ಮಂಜೂರ್ ಹತ್ತೊಂಬತ್ತು ವರ್ಷದಿಂದ ಪಕ್ಕದ ಮೇಜಿನವನು. ವೆಂಕಟೇಶಪ್ಪನವರ ಮನೆಯ ಬೀದಿ ಅವನ ಬಟವಾಡೆಗೆ ಸೇರಿತ್ತು. ಬೀರು, ಮೊಹರು, ಒಬ್ಬಟ್ಟು, ಎಲ್ಲಕ್ಕೂ ಮಂಜೂರ್ ನಗುತ್ತಾನೆ ಎಂದು ಅವರು ಕಾದರು. ಅವನು ನಗಲಿಲ್ಲ. ಕೈಯಲ್ಲಿದ್ದ ಕಾಗದದ ಕಟ್ಟನ್ನು ಕೆಳಗಿಟ್ಟ.

"ವೆಂಕಟೇಶಣ್ಣ, ಆಗಸ್ಟಲ್ಲಿ ಕಾಲೇಜಿಂದ ಒಂದು ರಿಜಿಸ್ಟರ್ ಬಂದಿತ್ತಲ್ಲ. ನಿಮ್ಮ ಹೆಸ್ರಿಗೆ."

"ನನ್ನ ಹೆಸ್ರಿಗಾ?"

"ನಾನೇ ಮನೆಗೆ ತಂದಿದ್ದೆ. ಭಾಬಿ ಇರ್ಲಿಲ್ಲ. ಬೇಟಿ ಸೈನ್ ಹಾಕಿ ತೊಗೊಂಡ್ಲು. ಅಪ್ಪಂಗೆ ನಾನೇ ಕೊಡ್ತೀನಿ ಅಂಕಲ್ ಅಂದ್ಲು."

ವೆಂಕಟೇಶಪ್ಪ ಅವನನ್ನೇ ನೋಡಿದರು.

"ನಮ್ಮ ಮಗಳು ಲುಬ್ನಾ ಹೋದ ವರ್ಷ ಮನೇಲಿ ಕೂತಿದ್ಲಲ್ಲ, ಅದೇ ಅಣ್ಣ ಇದು," ಎಂದ ಮಂಜೂರ್ ಮೆಲ್ಲಗೆ. "ಇಯರ್ ಬ್ಯಾಕ್ ಅಂದ್ರೆ ಮಷಿನ್‌ದಲ್ಲ. ಮಕ್ಕಳ್ದು. ಮುಂದಿನ ಕ್ಲಾಸ್‌ಗೆ ಕೂರ್ಸಲ್ಲ. ಒಂದು ವರ್ಷ ಕಾಲೇಜ್ ಇರಲ್ಲ. ಮನೇಲಿದ್ದು ಓದಿ, ಬಿದ್ದಿದ್ದನ್ನ ಪಾಸ್ ಮಾಡ್ಕೊಂಡು ಹೋಗ್ಬೇಕು."

ವೆಂಕಟೇಶಪ್ಪ ತಲೆಯಾಡಿಸಿ ಮತ್ತೆ ಕಾಗದ ವಿಂಗಡಿಸತೊಡಗಿದರು. ಒಂದೊಂದೇ ಕಾಗದವನ್ನು ಗೂಡಿಗೆ ಹಾಕುತ್ತ ಹೋದರು. ಒಂದೊಂದಕ್ಕೂ ಒಂದೊಂದು ವಿಷಯ ಮನೆ ಸೇರುತ್ತಿತ್ತು. ಮುನೀಂದ್ರ ಕನ್ನಡಕ ತೆಗೆದದ್ದು ಒಬ್ಬಟ್ಟಿಗೆ. ಬೈಬೇಡಿ ಎಂದದ್ದು ಲ್ಯಾಪ್‌ಟಾಪನ್ನಲ್ಲ. ಪಾಯಸ ಯಂತ್ರಕ್ಕೆ ಬಂದದ್ದಲ್ಲ. ಬೀದಿಗೆಲ್ಲ ಗೊತ್ತಿತ್ತು. ತಟ್ಟೆಗೆ ಬಿದ್ದ ಹನಿ, ನಿಂಗೆ ಕೋಪ ಇಲ್ವಾ ಎಂದು ಕೇಳಿದ ದನಿ, ತೆರೆದು ಮುಚ್ಚಿಕೊಂಡ ಬಾಯಿ. ಹೇಳಲು ಬಂದವಳ ಬಾಯನ್ನು ತಾವೇ ಸಾರು ಬಡಿಸಿ ಮುಚ್ಚಿದ್ದರು. ಹುಣಸೆ ಮರದ ಕೆಳಗೆ ನಿಂತು ನೋಡಿದ ಕಿಟಕಿಯ ಹಿಂದೆ ಯಾರೂ ಇರಲಿಲ್ಲ.

ಆ ದಿನ ಯಲಹಂಕದಲ್ಲಿ ಹನ್ನೊಂದು ಕಾಗದಗಳು ತಪ್ಪು ಮನೆಗೆ ಹೋದವು. ಮೂರು ಕಡೆಯವರು ತಂದು ವಾಪಸು ಕೊಟ್ಟರು. ಇಲಾಖೆ ಇದನ್ನು ಗಮನಿಸಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗೋಪಾಲಮ್ಮನಿಗೆ ಹೇಳಿದರು. ಅವಳು ಕಾಯಿ ತುರಿಯುತ್ತಿದ್ದಳು. ತುರಿಯುತ್ತಲೇ ಕೇಳಿಸಿಕೊಂಡಳು. ಹೋಳಿನಲ್ಲಿ ಕಾಯಿ ಮುಗಿದು ಚಿಪ್ಪು ಕರಕರ ಎಂದಾಗ ಕೈ ನಿಲ್ಲಿಸಿದಳು. ಯಾಕೆ ಹೀಗಾಯ್ತು, ಯಾಕೆ ಸುಳ್ಳು ಹೇಳಿದಳು, ಒಂದನ್ನೂ ಕೇಳಲಿಲ್ಲ.

"ಮಧ್ಯಾಹ್ನದ ಹೊತ್ತು ಎಲ್ಲಿ ಕೂತು ಊಟ ಮಾಡ್ತಿದ್ಲೋ," ಎಂದಳು.

ಕಡಿದುಹೋದ ಬೇವಿನ ಮರದ ಪಕ್ಕದ ಬೋಳು ಮುಖದ ಮುನಿಶಾಮಿಯನ್ನು ಹುಡುಕಿದ ಮನುಷ್ಯ ಸ್ಟೂಲಿನ ಮೇಲೆ ಕೂತರು. ಹೆಬ್ಬಾಳದಿಂದ ರಾಜಾನುಕುಂಟೆಯವರೆಗೆ ಪ್ರತಿ ಅಡ್ಡರಸ್ತೆ ಗೊತ್ತಿತ್ತು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಗಳು ಎಲ್ಲಿರುತ್ತಾಳೆಂದು ಗೊತ್ತಿರಲಿಲ್ಲ. ಕೆರೆಯ ಏರಿ ನೆನಪಾಯಿತು. ರೈಲು ಹಳಿ ನೆನಪಾಯಿತು. ಅವರು ಎದ್ದು ಸುಮ್ಮನೆ ಒಂದು ಲೋಟ ನೀರು ಕುಡಿದರು.

ಐದೂವರೆಗೆ ಗೇಟು ಸದ್ದಾಯಿತು. ರಾಣಿ ಬಂದಳು. ಇಬ್ಬರೂ ಒಟ್ಟಿಗೆ ಬಾಗಿಲಿಗೆ ಬಂದದ್ದನ್ನು ನೋಡಿ, "ಏನಾಯ್ತು?" ಎಂದಳು. "ಏನಿಲ್ಲ. ಕಾಫಿ ಆಯ್ತು," ಎಂದಳು ಗೋಪಾಲಮ್ಮ.

ಬೆಳಿಗ್ಗೆ ಗೋಪಾಲಮ್ಮ ಎರಡು ಡಬ್ಬಿ ಕಟ್ಟಿದಳು. ರಾಣಿ ಎರಡನೆಯದನ್ನು ನೋಡಿದಳು. ವೆಂಕಟೇಶಪ್ಪ ಖಾಕಿ ಹಾಕಿರಲಿಲ್ಲ. ಮದುವೆಗಳಿಗೆ ಇಟ್ಟುಕೊಂಡಿದ್ದ ಬಿಳಿ ಅಂಗಿ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು.

"ಅಪ್ಪ, ನೀನೆಲ್ಲಿಗೆ?"

"ನಿನ್ನ ಜೊತೆ ಬರ್ತೀನಿ."

"ಕಾಲೇಜಿಗಾ?"

"ನೀನು ಎಲ್ಲಿ ಇಳೀತೀಯೋ ಅಲ್ಲಿಗೆ."

ಅವಳು ಡಬ್ಬಿಯನ್ನು ಎದೆಗವಚಿಕೊಂಡು ನಿಂತಳು. ಅಪ್ಪ ಈ ಸಲ ಲ್ಯಾಪ್‌ಟಾಪಿನ ಮಾತಾಡುತ್ತಿಲ್ಲ ಎಂದು ಅವಳಿಗೆ ತಿಳಿಯಿತು. ತಾಯಿ ಬಂದು ಅವಳ ಮುಂಗುರುಳನ್ನು ಕಿವಿಯ ಹಿಂದೆ ಸರಿಸಿ, "ಬಸ್ಸು ಹೋಗ್ಬಿಡುತ್ತೆ, ನಡೀರಿ," ಎಂದಳು.

ಬಸ್ಸಿನಲ್ಲಿ ಕಂಡಕ್ಟರು ಬಂದು, "ಎಲ್ಲಿಗ್ರೀ?" ಎಂದ.

"ಎರಡು," ಎಂದರು ವೆಂಕಟೇಶಪ್ಪ.

"ಎರಡು ಎಲ್ಲಿಗೆ ಯಜಮಾನ್ರೆ?"

"ಈ ಮಗೂನ ಕೇಳಿ. ನಂಗೆ ವಿಳಾಸ ಗೊತ್ತಿಲ್ಲ."

ಕಂಡಕ್ಟರು ರಾಣಿಯನ್ನು ನೋಡಿದ. ಹಿಂದಿನಿಂದ ಯಾರೋ ಚಿಲ್ಲರೆಗೆ ಕೂಗಿದರು. ರಾಣಿ ಕಿಟಕಿಯಾಚೆ ನೋಡುತ್ತ, "ಯಲಹಂಕ ಹಳೇ ಊರು," ಎಂದಳು.

ಇಳಿದು ಎರಡು ತಿರುವು ನಡೆದರು. ಅದು ಸಾರ್ವಜನಿಕ ಗ್ರಂಥಾಲಯ. ಒಳಗೆ ಆರೇಳು ಮುದುಕರು ಒಂದೇ ಪತ್ರಿಕೆಯ ಬೇರೆ ಬೇರೆ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಗೋಡೆಯ ಪಕ್ಕದ ಬೆಂಚಿನ ಮೂಲೆಯಲ್ಲಿ, ಫ್ಯಾನಿನ ಗಾಳಿ ತಲುಪದ ಕಡೆ, ಒಂದು ಜಾಗ ಖಾಲಿ ಇತ್ತು. ಅಲ್ಲಿ ಕಿಟಕಿ ಇರಲಿಲ್ಲ.

"ಊಟ?" ಎಂದು ಕೇಳಿದರು ವೆಂಕಟೇಶಪ್ಪ. ಗೋಪಾಲಮ್ಮನಿಗೆ ಹೋಗಿ ಹೇಳಬೇಕಿತ್ತು.

"ಹಿಂದ್ಗಡೆ ಮೆಟ್ಟಿಲಿದೆ. ಅಲ್ಲಿ." ಅವಳು ಹೇಳಿದಳು, "ಮ್ಯಾಥ್ಸ್ ಓದ್ತಿದೀನಪ್ಪ. ತಲೆಗೆ ಹತ್ತಲ್ಲ. ಆದ್ರೂ ಓದ್ತಿದೀನಿ."

ಬಾಗಿಲ ಬಳಿಯ ಮೇಜಿನ ಮೇಲೆ ಹಾಜರಿ ಪುಸ್ತಕ ಇತ್ತು. ದಿನಾಂಕ, ಹೆಸರು, ವಿಳಾಸ, ಸಹಿ. ಬಂದವರೆಲ್ಲ ಬರೆಯಬೇಕು. ಮುದುಕರು ಯಾರೂ ವಿಳಾಸ ಬರೆದಿರಲಿಲ್ಲ. ಬರೀ ಗೀಚಿದ ಸಹಿಗಳು. ರಾಣಿ ಬಗ್ಗಿ ಬರೆದಳು. ಅವಳು ಪೆನ್ನು ಕೆಳಗಿಟ್ಟ ಮೇಲೆ ವೆಂಕಟೇಶಪ್ಪ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಅಕ್ಟೋಬರ್. ಸೆಪ್ಟೆಂಬರ್. ಆಗಸ್ಟ್. ಪ್ರತಿ ಹಾಳೆಯಲ್ಲೂ, ಗೀಚುಗಳ ನಡುವೆ, ದುಂಡಗಿನ ಅಕ್ಷರದಲ್ಲಿ ಒಂದು ಪೂರ್ತಿ ವಿಳಾಸ. ಮನೆ ನಂಬರು, ಅಡ್ಡರಸ್ತೆ, ವಿದ್ಯಾರಣ್ಯಪುರ, ಬೆಂಗಳೂರು, ಪಿನ್‌ಕೋಡಿನ ಆರು ಅಂಕಿ. ಒಂದು ದಿನವೂ ಬಿಟ್ಟಿರಲಿಲ್ಲ. ಕೈ ತಪ್ಪಿಹೋದ ಮಗು ಯಾರಿಗಾದರೂ ಹೇಳಲಿ ಎಂದು ಕಲಿಸಿದ್ದನ್ನು ದಿನವೂ ಬರೆದಿಟ್ಟು ಮೂಲೆಯಲ್ಲಿ ಹೋಗಿ ಕೂತಿದ್ದಳು. ಓದುವವರು ಬಂದಿರಲಿಲ್ಲ, ಅಷ್ಟೆ.

ಅವರು ಇವತ್ತಿನ ಹಾಳೆಗೆ ಬಂದರು. ಅಕ್ಷರಗಳು ಕಲಸಿಕೊಂಡವು. ಬಿಳಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಪೆನ್ನು ಒದರಿ, ಮಗಳ ಸಾಲಿನ ಕೆಳಗೆ ದಿನಾಂಕ ಹಾಕಿ, ತಮ್ಮ ಹೆಸರು ಬರೆದರು. ವಿಳಾಸದ ಕಾಲಮ್ಮಿಗೆ ಬಂದಾಗ ಒಂದು ಕ್ಷಣ ಕೈ ನಿಲ್ಲಿಸಿದರು. ಆಮೇಲೆ ಬರೆದರು.

ಸದರಿ.